ಬಸುರಿಯ ತಾಟು

ನಾನು ಬಸುರಿಯಾದ ಮೇಲೆ ನನ್ನ ಬಾಯಿ ನನ್ನದಾಗಿ ಉಳಿಯಲಿಲ್ಲ. ಗಂಡನ ಮನೆಯಿರುವ ಹಾವೇರಿಯಲ್ಲಿ ಅದಕ್ಕೆ ತುರುಕುವವರೊಬ್ಬರು, ಬ್ಯಾಡಗಿಯಲ್ಲಿ ತುರುಕುವವರು ಇನ್ನೊಬ್ಬರು, ರಾಣೆಬೆನ್ನೂರಿನಲ್ಲಿ ಅದರ ಮುಂದೆ ಕಾವಲು ಕೂತವಳು ನಮ್ಮವ್ವ. ಹಸಿವಾಗಿದೆಯೋ ಇಲ್ಲವೋ, ಏನು ಬೇಕು, ಏನು ಬೇಡ ಎಂದು ನನ್ನನ್ನೇ ಒಂದು ಮಾತು ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ಏಳನೇ ತಿಂಗಳು ಹಿಡಿಯುವ ಹೊತ್ತಿಗೆ ಹಾವೇರಿಯ ದವಾಖಾನೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದರು. ಸಕ್ಕರೆ ಹೆಚ್ಚು ಬಂತು. ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ.

"ಬಸುರಿದ್ದಾಗ ಕೆಲವರಿಗೆ ಹಿಂಗ ಬರ್ತೈತಿ. ಎರಡು ವಾರ ಊಟದಾಗ ಹಿಡತಾ ಮಾಡ್ರಿ. ಇಳೀಲಿಲ್ಲ ಅಂದ್ರ ಇನ್ಸುಲಿನ್ ಸೂಜಿ ಚಾಲೂ ಮಾಡೂಣು. ಹಂಗ ಬಿಟ್ಟರ ಕೂಸು ಅಳತಿ ಮೀರಿ ಬೆಳೀತೈತಿ, ಹೆರಿಗಿಗೆ ತ್ರಾಸು, ಹುಟ್ಟಿದ ಮ್ಯಾಲೆ ಕೂಸಿಗೂ ತ್ರಾಸು."

ಅವ್ವ ನನ್ನ ಪಕ್ಕದಲ್ಲೇ ಇದ್ದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಹೋದ ವರ್ಷ ನನ್ನ ಮೊದಲ ಬಸಿರು ಮೂರು ತಿಂಗಳಿಗೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತದೆ ಇದ್ದರೂ ಅದು ಅವ್ವನ ಕಣ್ಣಲ್ಲಿ ಸದಾ ಇರುತ್ತದೆ. ಈ ಕೂಸಿಗೆ ಏನೂ ಆಗಬಾರದು, ಅಷ್ಟೇ. ಅವಳಿಗೂ ನನಗೂ ಬೇರೆ ಯಾವುದೂ ಬೇಕಿರಲಿಲ್ಲ.

"ಪಕ್ಕದ ಖೋಲ್ಯಾಗ ಬೇನಜೀರ ಮೇಡಂ ಅಂತ ಇರ್ತಾರ. ಊಟದ ವಿಚಾರ ಅವರು ಹೇಳ್ತಾರ. ಒಂದ ಅರ್ಧ ತಾಸು ಕುಂದ್ರಿ, ಬರ್ತಾರ," ಎಂದರು ಡಾಕ್ಟರಮ್ಮ.

ಹೊರಗೆ ಬಂದ ಅವ್ವ ಕೂರಲೇ ಇಲ್ಲ. "ಅದರಾಗ ಕೇಳೂದೇನೈತಿ. ಸಿಹಿ ಬಂದ್ ಮಾಡಿದ್ರ ಆತು. ಮೂವತ್ತು ವರ್ಷದಿಂದ ಅಡಗಿ ಮಾಡಾಕತ್ತೇನಿ, ಉಣ್ಣೂದನ್ನ ಇವರ ಕಡೆ ಕಲೀಬೇಕೇನು. ನಡಿ, ನನ್ನ ಬಸ್ ಹೋಗ್ತೈತಿ."

ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಆದರೆ ಅವ್ವನ ಮಾತಿನ ಜಂಬಕ್ಕೆ ಕಾರಣವಿಲ್ಲದೆ ಇರಲಿಲ್ಲ. ನಮ್ಮ ರಾಣೆಬೆನ್ನೂರಿನ ಮನೆಯಲ್ಲಿ ಒಲೆ ಒಂದು, ಹೊಟ್ಟೆ ಹಲವು. ಅಜ್ಜಿ ಫಕ್ಕೀರವ್ವನಿಗೆ ಎಂಬತ್ತರ ಹತ್ತಿರ. ಬಾಯಲ್ಲಿ ಹಲ್ಲಿಲ್ಲ, ಆದರೂ ಜೋಳದ ರೊಟ್ಟಿಯೇ ಆಗಬೇಕು. ಅವಳಿಗೆ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಹಾಕಿ, ಬೇಳೆಯನ್ನು ಕರಗುವ ಹಾಗೆ ಕುದಿಸಿ, ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡುವುದು. ಬೀಜದ ಅಂಗಡಿಯಲ್ಲಿ ಕೂರುವ ಅಪ್ಪ ಶಂಭುಲಿಂಗ ಅವರಿಗೆ ಬಿಪಿ. ಅವರ ಸಾರಿಗೆ ಉಪ್ಪು ಬೇರೆ, ಉಪ್ಪಿನಕಾಯಿ ಭರಣಿ ಅಕ್ಕಿಯ ಡಬ್ಬಿಯ ಹಿಂದೆ. ನಾನು ಆರು ತಿಂಗಳ ಕೂಸಾಗಿದ್ದಾಗ ರಾಗಿ ಸೋಸಿ ಮಣ್ಣಿ ಮಾಡಿದವಳು, ಹತ್ತನೇ ಕ್ಲಾಸಿನಲ್ಲಿ ಮುಟ್ಟು ಹೆಚ್ಚು ಹೋಗಿ ಬಿಳಿಚಿಕೊಂಡಾಗ ದಿನಾ ರಾಜಗಿರಿ ಸೊಪ್ಪು ಉಣಿಸಿ ನನ್ನ ಕೈಯಲ್ಲಿ ಬೈಸಿಕೊಂಡವಳು ಅವಳೇ. ಯಾವ ವಯಸ್ಸಿನ ಹೊಟ್ಟೆ ಏನು ಕೇಳುತ್ತದೆ ಎಂದು ಅವ್ವನಿಗೆ ಗೊತ್ತಿತ್ತು. ಎಲ್ಲವೂ ಗೊತ್ತಿದೆ ಎಂದುಕೊಂಡದ್ದು ತಾಪತ್ರಯವಾಯಿತು.

ಅಷ್ಟರಲ್ಲಿ ಕುಬಸ ಬಂತು. ಏಳನೇ ತಿಂಗಳಲ್ಲಿ ಗಂಡನ ಮನೆಯವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಬಸುರಿಗೆ ಉಣಿಸಿ ತವರಿಗೆ ಕಳಿಸುವ ಕಾರ್ಯ. ದಿನ ಗೊತ್ತುಮಾಡಿ ಆಗಿತ್ತು, ಹೊಸರಿತ್ತಿಯಿಂದ ಹಿಡಿದು ಎಲ್ಲ ನೆಂಟರಿಗೂ ಹೇಳಿ ಆಗಿತ್ತು. ಸಕ್ಕರೆ ಇಳಿಯುವ ತನಕ ಮುಂದಕ್ಕೆ ಹಾಕಿ ಎಂದು ಹೇಳುವ ಧೈರ್ಯ ಯಾರಿಗಿದೆ. ನನ್ನ ಗಂಡ ವಿಜಯಮಹಾಂತೇಶ ಹೈಸ್ಕೂಲು ಮಾಸ್ತರು, ಇಡೀ ಕ್ಲಾಸನ್ನು ಒಂದು ನೋಟದಲ್ಲೇ ಸುಮ್ಮನೆ ಕೂರಿಸುವವರು. ಅವರ ತಾಯಿಯ ಮುಂದೆ ಬಾಯಿ ಬಿಡಲಿಲ್ಲ. ಮೊಬೈಲು ಹಿಡಿದುಕೊಂಡು ಫೋಟೋ ತೆಗೆಯುತ್ತ ಓಡಾಡಿದರು.

ಹಾವೇರಿಯ ಆ ಪಡಸಾಲೆಯಲ್ಲಿ ನನ್ನ ಮುಂದೆ ಇಟ್ಟ ತಾಟನ್ನು ನೋಡಿದರೆ ಒಂದು ಕೂಸಿಗಲ್ಲ, ಒಂದು ಊರಿಗೆ ಉಣಿಸುವಂತಿತ್ತು. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡಬು, ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ. ಒಬ್ಬೊಬ್ಬ ಮುತ್ತೈದೆಯೂ ಬಂದು ತಾನು ತಂದ ಬುತ್ತಿಯಿಂದ ಒಂದೊಂದು ಹಾಕುವುದು, "ಎರಡ ಜೀವ, ಉಣ್ಣವಾ" ಅನ್ನುವುದು. ಎರಡನೇ ಜೀವ ಇನ್ನೂ ಒಂದು ಹೀರೇಕಾಯಿಯಷ್ಟಿತ್ತು. ಅದಕ್ಕೆ ಇಷ್ಟೆಲ್ಲ ಹೋಳಿಗೆ ಯಾಕೆ ಎಂದು ಕೇಳಿದರೆ ಸೊಸೆಯ ನಾಲಿಗೆ ಉದ್ದ ಅನ್ನುತ್ತಾರೆ.

ಅವ್ವ ನನ್ನ ಬಲಕ್ಕೆ ಅಂಟಿಕೊಂಡು ಕೂತಿದ್ದಳು. ಯಾರಾದರೂ ಹೋಳಿಗೆ ಹಾಕಿ ಅತ್ತ ತಿರುಗುವುದೇ ತಡ, ಅದು ನನ್ನ ತಾಟಿನಿಂದ ಎದ್ದು ಅವಳ ತಾಟಿಗೆ ಹೋಗುತ್ತಿತ್ತು. ಅಲ್ಲಿಂದ ಅವಳ ಬಾಯಿಗೆ. ಬೇರೆ ದಾರಿಯಿರಲಿಲ್ಲ. ನಮ್ಮ ಕಡೆ ಬಸುರಿಯ ತಾಟಿಗೆ ಬಿದ್ದದ್ದನ್ನು ಚೆಲ್ಲುವಂತಿಲ್ಲ, ಪಾತ್ರೆಗೆ ಮರಳಿ ಹಾಕುವಂತಿಲ್ಲ, ದನಕ್ಕೆ ಕೂಡ ಹಾಕುವಂತಿಲ್ಲ. ಬಸುರಿ ಉಣ್ಣಬೇಕು, ಆಗದಿದ್ದರೆ ಅವಳನ್ನು ಹಡೆದವಳು ಉಣ್ಣಬೇಕು. ಕೂಸಿನ ಪಾಲು ಹೊರಗೆ ಹೋಗಬಾರದಂತೆ. ಹೀಗೆ ಯಾರು, ಯಾವಾಗ ಮಾಡಿದರೋ ಗೊತ್ತಿಲ್ಲ. ಮಾಡಿದವರು ಗಂಡಸರೇ ಇರಬೇಕು, ಇಷ್ಟು ಹೋಳಿಗೆ ಅವರು ಒಬ್ಬರೇ ಕೂತು ತಿಂದಿರಲಿಕ್ಕಿಲ್ಲ.

ನನ್ನ ಅತ್ತೆ ಅದನ್ನು ನೋಡಿಬಿಟ್ಟರು. ನಗುನಗುತ್ತಲೇ ಕುಟುಕಿದರು. "ಏನ್ರಿ ಬೀಗತ್ಯಾರ, ನಮ್ಮ ಸೊಸಿ ತಾಟಿನಾಗಿಂದ ಕಸಗೊಂಡು ತಿನ್ನಾಕತ್ತೀರಲ್ಲ. ನಿಮ್ಮ ತಾಟಿಗೂ ಹಾಕೇವಲ್ರಿ."

ಸುತ್ತ ಕೂತವರು ನಕ್ಕರು. ಅವ್ವನ ಕಿವಿ ಕೆಂಪಾಯಿತು. "ಡಾಕ್ಟರ ಹೇಳ್ಯಾರ್ರಿ, ಸಿಹಿ ಬ್ಯಾಡಂತ."

"ಸಕ್ಕರಿದಲ್ಲ ತಗೋರಿ, ಬೆಲ್ಲದ್ದು. ಬೆಲ್ಲಕ್ಕ ಏನೂ ಆಗಂಗಿಲ್ಲ. ನಾ ನನ್ನ ಮಗನ್ನ ಹಡಿಯೂ ಮುಂದ ದಿನಾ ಒಂದ ಅಚ್ಚು ಬೆಲ್ಲ ತಿಂದೇನಿ."

ಆ ಬೆಲ್ಲ ಇವತ್ತಿಗೂ ಅವರ ಮಗನ ಸೊಂಟದ ಸುತ್ತ ಕೂತಿದೆ. ಅದನ್ನು ನಾನು ಹೇಳಲಿಲ್ಲ. "ನನಗ ಹೊಟ್ಟಿ ತುಂಬೇತ್ರಿ ಅತ್ತಿ, ನಾನ ಅವ್ವಗ ಕೊಟ್ಟೇನಿ," ಎಂದೆ. ಹೊಟ್ಟೆ ತುಂಬಿರಲಿಲ್ಲ. ಸಿಹಿಯನ್ನೆಲ್ಲ ಎತ್ತಿದ ಮೇಲೆ ನನಗೆ ಉಳಿದದ್ದು ಒಂದು ಚಮಚ ಪಲ್ಯ, ಒಂದು ಹಿಡಿ ಚಿತ್ರಾನ್ನ. ಕಾರ್ಯ ನನ್ನದು, ಉಪವಾಸವೂ ನನ್ನದು.

ತವರಿಗೆ ಬಂದ ಮೇಲೆ ಬ್ಯಾಡಗಿಯ ಸರದಿ. ಅಲ್ಲಿ ಅಪ್ಪನ ಅಕ್ಕ ಇದ್ದಾಳೆ. ಅವಳೂ ಅತ್ತೆಯೇ. ನನ್ನ ಹಣೆಬರಹದಲ್ಲಿ ಅತ್ತೆಯರಿಗೆ ಕೊರತೆಯಿಲ್ಲ. ಬಯಕೆ ಊಟಕ್ಕೆ ಕರೆದಾಗ ಹೋಗದಿದ್ದರೆ ಅವಳು ಹೆರಿಗೆಗೂ ಬರುವುದಿಲ್ಲ, ನಾಮಕರಣಕ್ಕೂ ಬರುವುದಿಲ್ಲ, ಬರದದ್ದನ್ನು ಹತ್ತು ವರ್ಷ ಹೇಳಿಕೊಂಡು ತಿರುಗುತ್ತಾಳೆ. ಫೆಬ್ರುವರಿಯ ಬಿಸಿಲು, ಪೇಟೆಯ ತುಂಬ ಮೆಣಸಿನಕಾಯಿ ಚೀಲ. ಬಸ್ಸಿನಿಂದ ಇಳಿದದ್ದೇ ನಾನು ಸೀನಲು ಶುರುಮಾಡಿದೆ. ಅವ್ವ ನೀರಿನ ಬಾಟಲಿ ತೆಗೆದು ಗಟಗಟ ಕುಡಿದು ಖಾಲಿ ಮಾಡಿ, ಇನ್ನೊಂದನ್ನು ಕೊಂಡು ಅದನ್ನೂ ಕುಡಿದಳು. ನನಗೆ ಬೇಕೇನು ಎಂದು ಕೇಳುವುದು ಮರೆತಳು. ಆಮೇಲೆ ನೆನಪಾಗಿ, "ಏನ ಬಿಸಲವಾ ಇದು," ಎಂದಳು.

ಅತ್ತೆಯ ಮನೆಯಲ್ಲಿ ಅವಳ ಮೊಮ್ಮಗಳು ಎರಡು ವರ್ಷದ್ದು, ಅದಕ್ಕೂ ನನಗೂ ಅವತ್ತು ಒಂದೇ ಗತಿ. ಅದರ ಹಿಂದೆ ಬಟ್ಟಲು ಹಿಡಿದು ಸೊಸೆ ಓಡುತ್ತಿದ್ದಳು, ಅದು ಬಾಯಿ ಬಿಗಿಹಿಡಿದು ಮಂಚದ ಕೆಳಗೆ ನುಸುಳುತ್ತಿತ್ತು. ಆ ಕೂಸಿಗೆ ಸಾಕಾಗಿತ್ತು, ಅದಕ್ಕೆ ಅದು ಗೊತ್ತಿತ್ತು. ನನಗೆ ಮಂಚದ ಕೆಳಗೆ ನುಸುಳುವ ಸವಲತ್ತು ಇರಲಿಲ್ಲ.

ಅತ್ತೆ ಗೋಧಿ, ಬೆಲ್ಲದ ಮಾದಲಿ ಬಡಿಸಿದಳು, ಅದರ ಮೇಲೆ ತುಪ್ಪ ಸುರಿದಳು, ಕದರಮಂಡಲಗಿ ಹನುಮಪ್ಪನಿಗೆ ನೈವೇದ್ಯ ಮಾಡಿಸಿ ತಂದದ್ದು ಎಂದೂ ಸೇರಿಸಿದಳು. ದೇವರನ್ನು ನಡುವೆ ತಂದರೆ ಯಾರು ಎದುರಾಡುತ್ತಾರೆ ಎಂಬ ಲೆಕ್ಕ. ಅವ್ವ ಎದುರಾಡಿದಳು.

"ಅಕ್ಕಾರ, ಒಂದ ಚೂರು ಬಾಯಿಗೆ ಹಚ್ಚತಾಳ, ಸಾಕು. ಆಕೀಗೆ ಸಿಹಿ ಬ್ಯಾಡಂದಾರ."

"ನಾವೇನ ವಿಷಾ ಹಾಕಾಕತ್ತೇವೇನ ಸುರೇಖಾ," ಎಂದಳು ಅತ್ತೆ. "ನಾಕು ಹಡದೇನಿ ನಾನು. ಒಂದಕ್ಕಾದರೂ ರಕ್ತಾ ತಗಸೇನೇನು? ಬಸುರಿ ಹೆಂಗಸನ್ನ ಉಪಾಸ ಕೆಡವಿ ಕಡ್ಡಿ ಮಾಡಿಟ್ಟೀಯಲ್ಲ, ನಾಳೆ ಕೂಸು ಕಡ್ಡಿ ಆಗ್ತೈತಿ."

"ಕೂಸಿನ ಸಲುವಾಗೇ ಹೇಳಾಕತ್ತೇನ್ರಿ."

"ಕೂಸಿನ ಸಲುವಾಗಿ ನಾವೂ ಮಾಡೇವಿ. ಬ್ಯಾಡಾದ್ರ ಬಿಡ್ರಿ. ನಾ ತಾಟ ಎತ್ತತೇನಿ."

ಎತ್ತಲಿಲ್ಲ. ಹಾಗೆ ಹೇಳಿದವರು ಯಾರೂ ಎತ್ತುವುದಿಲ್ಲ. ಅವ್ವ ನನ್ನ ಮಾದಲಿಯನ್ನು ತನ್ನ ತಾಟಿಗೆ ಸುರಿದುಕೊಂಡು, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ, ಕಣ್ಣು ಕೆಳಗೆ ಹಾಕಿ ಪೂರ್ತಿ ತಿಂದಳು. ಅವಳಿಗೆ ಸಿಹಿ ಅಂದರೆ ಅಷ್ಟಕ್ಕಷ್ಟೇ. ತಿನ್ನುವಾಗ ಅವಳ ಮುಖ ಕಷಾಯ ಕುಡಿಯುವವರ ಮುಖದ ಹಾಗಿತ್ತು. ನನಗೆ ಅವಳ ಮೇಲೆ ಮರುಕ ಬರಬೇಕಿತ್ತು. ನನಗೆ ಬಂದದ್ದು ಕೋಪ. ಒಬ್ಬಳು ತುರುಕುತ್ತಾಳೆ, ಒಬ್ಬಳು ಕಸಿಯುತ್ತಾಳೆ, ನಡುವೆ ನಾನು ಹೊಟ್ಟೆ ಹೊತ್ತುಕೊಂಡು ಕೂತಿದ್ದೇನೆ. ಹೊರಡುವಾಗ ಅತ್ತೆ ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತುಂಬಿ, "ಇದು ಮಧುನ ಹೆಸರಿಲೆ ಮಾಡಿದ್ದು," ಎಂದು ಅವ್ವನ ಕೈಗೇ ಕೊಟ್ಟಳು. ನನ್ನ ಹೆಸರಿನಲ್ಲಿ ಮಾಡಿದ್ದು ಎಂದ ಮೇಲೆ ಅದೂ ಕೂಸಿನ ಪಾಲಾಯಿತು. ಆ ಡಬ್ಬಿ ನಮ್ಮ ಅಡುಗೆಮನೆಯಲ್ಲಿ ಖಾಲಿಯಾಗುವ ತನಕ ಅವ್ವನ ಬೆಳಗಿನ ನಾಷ್ಟಾ ಅದೇ.

ಮನೆಯಲ್ಲಿ ಕಾವಲು ಇನ್ನೂ ಬಿಗಿಯಾಯಿತು. ಸಕ್ಕರೆ ಡಬ್ಬಿ, ಬೆಲ್ಲದ ಡಬ್ಬಿ ಅಟ್ಟಕ್ಕೇರಿದವು. ಬಾಳೆಹಣ್ಣು ಬಂದ್. ಸಿಹಿಯ ಜೊತೆಗೆ ಅವ್ವ ಇನ್ನೂ ಹಲವನ್ನು ತನ್ನದೇ ತಲೆಯಿಂದ ಬಂದ್ ಮಾಡಿದಳು. ಕಾಳು ವಾಯು, ಬೇಡ. ತೊಗರಿ ಬೇಳೆ ಭಾರ, ಬೇಡ. ಶೇಂಗಾ ಪಿತ್ತ. ರೊಟ್ಟಿ ಒಂದು ಸಾಕು, ಹೊಟ್ಟೆ ಹಗುರ ಇರಲಿ. ಅಪ್ಪನಿಗೆ ಎಣ್ಣೆಗಾಯಿ, ಅಜ್ಜಿಗೆ ಹೆಸರುಬೇಳೆಯ ಗಟ್ಟಿ ಸಾರು. ನನಗೆ ಅನ್ನ, ತಿಳಿಸಾರು. ಒಂದು ತಾಸಿಗೆಲ್ಲ ಹೊಟ್ಟೆಯಲ್ಲಿ ಬೆಕ್ಕು ಪರಚಿದ ಹಾಗೆ ಹಸಿವು.

"ಅವ್ವ, ನನಗ ಒಂದ ಬಟ್ಟಲ ಮಡಕಿಕಾಳಿನ ಪಲ್ಯಾ ಹಾಕು. ಹಸಿವ್ಯಾಗಿ ಜೀವ ಹೋಗಾಕತ್ತೈತಿ."

"ಕಾಳು ತಿಂದರ ರಾತ್ರಿ ಹೊಟ್ಟಿ ಉಬ್ಬತೈತಿ. ತಡಿ, ಮಂಡಕ್ಕಿ ಕಲಸತೇನಿ."

ಮಂಡಕ್ಕಿ ಒಂದಕ್ಕೆ ಮಾತ್ರ ಲಂಗುಲಗಾಮಿರಲಿಲ್ಲ. ನಮ್ಮ ಊರಿನಲ್ಲಿ ಮಂಡಕ್ಕಿಯನ್ನು ಊಟವೆಂದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಜ್ವರ ಬಂದರೆ ಮಂಡಕ್ಕಿ, ನೆಂಟರು ಬಂದರೆ ಮಂಡಕ್ಕಿ, ಉಂಡ ಮೇಲೆ ಮಾತಿಗೆ ಕೂತರೂ ಮಂಡಕ್ಕಿ. "ಅದೇನ ಬರೇ ಗಾಳಿ," ಎನ್ನುವುದು ಅವ್ವನ ಮಾತು. ಬೆಳಿಗ್ಗೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಸುಸಲಾ, ಸಂಜೆ ಒಣ ಮಂಡಕ್ಕಿಗೆ ಖಾರ, ಉಳ್ಳಾಗಡ್ಡಿ. ಬುಟ್ಟಿ ಬುಟ್ಟಿ ತಿಂದೆ. ಗಾಳಿ ತಿಂದರೆ ಹಸಿವೂ ಬೇಗ ಬರುತ್ತದೆ, ಮತ್ತೆ ತಿಂದೆ. ಅವ್ವ ಎದುರಿಗೆ ಕೂತು ನೋಡುತ್ತಿದ್ದಳು, ಮಗಳು ಹೊಟ್ಟೆ ತುಂಬ ತಿನ್ನುವ ಒಂದು ಪದಾರ್ಥವಾದರೂ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ. ಒಂದೊಂದು ಸಲ ನೋಡುತ್ತ ನೋಡುತ್ತಲೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಹಾಡಹಗಲಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಎದ್ದವಳು ಮೊದಲು ತಂಬಿಗೆ ಹುಡುಕುತ್ತಿದ್ದಳು. ಇಷ್ಟು ಕಾವಲು ಕಾದರೆ ದಣಿವಾಗದೆ ಇರುತ್ತದೆಯೇ, ಆಗಲಿ ಎಂದುಕೊಂಡೆ.

ಎರಡು ವಾರ ಮುಗಿದು ಮತ್ತೆ ಹಾವೇರಿಗೆ ಹೋದೆವು. ಉಪವಾಸದ ರಕ್ತ ಕೊಟ್ಟು, ಬೆಳಿಗ್ಗೆ ಅವ್ವ ಕಟ್ಟಿ ತಂದಿದ್ದ ಸುಸಲಾ ತಿಂದು, ಎರಡು ತಾಸಿನ ಮೇಲೆ ಮತ್ತೆ ರಕ್ತ ಕೊಟ್ಟೆ. ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದರು.

"ಇಳದಿಲ್ಲ. ಏರೈತಿ."

ಎರಡು ವಾರ ಹಸಿದದ್ದು, ಕಂಡವರ ಕೈಯಲ್ಲಿ ಅನ್ನಿಸಿಕೊಂಡದ್ದು, ಎಲ್ಲ ನೀರುಪಾಲು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಅದು ಒದೆಯಿತು. ಒದ್ದದ್ದು ಸಂತೋಷಕ್ಕೋ ಸಂಕಟಕ್ಕೋ ನನಗೆ ತಿಳಿಯಲಿಲ್ಲ.

ಅವ್ವ ಡಾಕ್ಟರಮ್ಮನ ಮುಂದೆಯೇ ನನ್ನ ಕಡೆ ತಿರುಗಿದಳು. "ಖರೇ ಹೇಳ ಮಧು. ಏನ ತಿಂದಿ ನನಗ ಗೊತ್ತಿಲ್ಲದಂಗ?"

ಅಲ್ಲಿಯವರೆಗೆ ತಡೆದುಕೊಂಡಿದ್ದೆಲ್ಲ ಉಕ್ಕಿ ಬಂತು. "ಏನ ತಿನ್ನಾಕ ಬಿಟ್ಟೀದಿ ನೀ? ನೀ ಹಾಕಿದ್ದ ಬಿಟ್ಟು ಒಂದ ಹನಿ ಬ್ಯಾರೆ ಹೋಗಿಲ್ಲ ನನ್ನ ಬಾಯಾಗ. ಕದ್ದು ತಿಂದೇನಂತ ಈ ಹೊಟ್ಟಿ ಇಟಗೊಂಡು?" ಎಂದೆ. ದನಿ ಎಷ್ಟು ಏರಿತ್ತೆಂದರೆ ಹೊರಗಿನ ಬೆಂಚಿನವರು ಒಳಗೆ ಇಣುಕಿದರು. ಡಾಕ್ಟರಮ್ಮ ಕೈ ಮಾಡಿ ಪಕ್ಕದ ಖೋಲಿ ತೋರಿಸಿದರು. ಈ ಸಲ ಅವ್ವ ಬಸ್ಸಿನ ಮಾತೆತ್ತಲಿಲ್ಲ.

ಬೇನಜೀರ ಮೇಡಂಗೆ ನನಗಿಂತ ಎರಡು ಮೂರು ವರ್ಷ ಹೆಚ್ಚಿರಬಹುದು. ತಲೆಯ ಮೇಲಿನ ದುಪ್ಪಟ್ಟಾ ಸರಿಮಾಡಿಕೊಳ್ಳುತ್ತ, "ಕುಂದ್ರಿ. ಮುಂಜಾನೆ ಎದ್ದ ಕೂಡ್ಲೆ ಏನು, ಅಲ್ಲಿಂದ ಹೇಳ್ರಿ," ಎಂದರು. ನಮ್ಮಂಥವರನ್ನು ದಿನಾ ನೋಡಿ ನೋಡಿ ದಣಿದ ದನಿ ಅದು.

ಕೇಳಿದ್ದು ನನ್ನನ್ನು, ಹೇಳಿದವಳು ಅವ್ವ. ಒಂದೊಂದನ್ನೂ ಹೇಳಿದಳು, ಒಂದೂ ಬಿಡಲಿಲ್ಲ. ಸಿಹಿಯನ್ನು ಹೇಗೆ ಕಾಯ್ದೆ, ಕಾಳನ್ನು ಯಾಕೆ ಬಿಡಿಸಿದೆ, ಹೊಟ್ಟೆಯನ್ನು ಹೇಗೆ ಹಗುರ ಇಟ್ಟೆ. ಮಂಡಕ್ಕಿಗೆ ಬಂದಾಗ ಬೇನಜೀರ ಮೇಡಂ ತಡೆದರು.

"ಎಷ್ಟು ತಿಂತಾರ?"

"ಎಷ್ಟಂದ್ರ, ಬೇಕಾದಷ್ಟು. ಅದೇನ ಬರೇ ಗಾಳಿ ಅಲ್ಲೇನ್ರಿ."

ಬೇನಜೀರ ಮೇಡಂ ಒಂದು ಕ್ಷಣ ಕಣ್ಣು ಮುಚ್ಚಿದರು. "ಅಕ್ಕಾರ, ಮಂಡಕ್ಕಿ ಅಂದ್ರ ಅಕ್ಕಿನ. ಅರಳಿಸಿದ ಅಕ್ಕಿ. ನಾಲಿಗಿಗೆ ಸಿಹಿ ಹತ್ತಂಗಿಲ್ಲ, ಹೊಟ್ಟಿಗೆ ಬಿದ್ದ ಗಳಿಗಿಗೆ ಸಕ್ಕರಿ ಆಗಿ ರಕ್ತಕ್ಕ ಹೋಗ್ತೈತಿ, ಸಕ್ಕರಿ ತಿಂದಷ್ಟ ಲಗೂ. ಹೋಳಿಗಿ ಬಿಡಿಸಿ ಬುಟ್ಟಿಗಟ್ಟಲೆ ಇದನ್ನ ಹಾಕೀರಿ. ನಿಮಗೊಬ್ಬರಿಗೇ ಬೈಯಾಕತ್ತಿಲ್ಲ ನಾನು. ನಮ್ಮ ಅಮ್ಮಿ ಸಕೀನಾಬಿಗೂ ಇದನ್ನ ಹೇಳಿ ಹೇಳಿ ನನ್ನ ಬಾಯಿ ಒಣಗೇತಿ."

ಅವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಎರಡ ಜೀವ ಅಂದ್ರ ಎರಡ ತಾಟ ಅಲ್ಲ," ಎಂದು ಅವರು ನನ್ನ ಕಡೆ ತಿರುಗಿದರು. "ಮೊದಲ ಉಣ್ಣೂದಕ್ಕಿಂತ ಒಂದ ಬಟ್ಟಲ ಬ್ಯಾಳಿ ಹೆಚ್ಚು, ಒಂದ ವಾಟಗಾ ಮಸರು ಹೆಚ್ಚು, ಸೊಪ್ಪು, ಕಾಳು. ರೊಟ್ಟಿ ಎರಡು ಉಣ್ರಿ, ಅನ್ನ ಕಡಿಮಿ ಮಾಡ್ರಿ. ಹಸದು ಇರಬ್ಯಾಡ್ರಿ. ಸ್ವಲ್ಪ ದಿನ ಸೂಜಿನೂ ತೊಗೋಬೇಕಾಗ್ತೈತಿ, ಅದರಿಂದ ಕೂಸಿಗೆ ಏನೂ ಆಗಂಗಿಲ್ಲ. ಹೆರಿಗಿ ಆದ ಮ್ಯಾಲೆ ಬಹಳ ಮಂದೀಗೆ ತಾನ ಇಳೀತೈತಿ." ಆಮೇಲೆ ಅವ್ವನಿಗೆ, "ಹಲ್ಲಿಲ್ಲದ ಕೂಸಿಗೂ ಹಲ್ಲಿಲ್ಲದ ಮುದುಕಿಗೂ ಮೆತ್ತಂದು ಬೇಕು. ಆದ್ರ ಇಬ್ಬರ ಹೊಟ್ಟಿ ಒಂದ ಅಲ್ಲ. ಬಸುರಿದಂತೂ ಪೂರಾ ಬ್ಯಾರೆ," ಎಂದರು.

"ಅದೆಲ್ಲ ನನಗ ಗೊತ್ತೈತಿ," ಎಂದಳು ಅವ್ವ. ದನಿಯಲ್ಲಿ ಜಂಬವಿರಲಿಲ್ಲ. "ನಾನ ತಿನಿಸೇನಿ. ನನ್ನ ಕೈಯಾರೆ ತಿನಿಸೇನಿ."

ನನಗೆ ಅವಳ ಮೇಲೆ ಇದ್ದ ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವ್ವ ಚೀಲದಿಂದ ಬಾಟಲಿ ತೆಗೆದು ಒಂದೇ ಉಸಿರಿನಲ್ಲಿ ಕುಡಿದಳು. ಸಾಲದೆ, ಮೇಜಿನ ಮೇಲಿದ್ದ ಬಾಟಲಿಯನ್ನು ತೋರಿಸಿ, "ಅದನ್ನಷ್ಟ ಕೊಡ್ರಿ," ಎಂದಳು. ಅದನ್ನೂ ಮುಗಿಸಿದಳು. ಬೇನಜೀರ ಮೇಡಂ ಅವಳನ್ನೇ ನೋಡುತ್ತಿದ್ದರು.

"ಅಕ್ಕಾರ, ನಿಮ್ಮದು ಯಾವಾಗ ತಪಾಸ ಮಾಡ್ಸೀರಿ?"

"ನಂದಾ? ನನಗೇನಾಗೇತ್ರಿ. ಬಿಸಲಿಗೆ ನೀರಡಿಕಿ."

"ಬೆರಳ ಕೊಡ್ರಿ."

ಅವ್ವ ಕೊಡಲಿಲ್ಲ. ನಾನೇ ಅವಳ ಕೈ ಹಿಡಿದು ಮೇಜಿನ ಮೇಲಿಟ್ಟೆ. ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಆ ಸಣ್ಣ ಯಂತ್ರಕ್ಕೆ ಹಚ್ಚಿದರು. ಅಂಕಿ ಮೂಡಿತು. ಮುನ್ನೂರ ಎಂಬತ್ತು ದಾಟಿತ್ತು. ನನ್ನದು ಅದರ ಅರ್ಧಕ್ಕೂ ಸಾಕಷ್ಟು ಕೆಳಗಿತ್ತು, ಅಷ್ಟಕ್ಕೇ ಮನೆಯ ಡಬ್ಬಿಗಳೆಲ್ಲ ಅಟ್ಟಕ್ಕೇರಿದ್ದವು.

"ಇದು ಇವತ್ತಿಂದಲ್ಲ. ಒಳಗಿಂದೊಳಗ ಬಹಳ ದಿನದಿಂದ ಇರಬೇಕು, ಈಗ ಯಾವುದೋ ಕಾರಣಕ್ಕ ಕೆರಳೇತಿ. ನೀವೇನ ಉಂತೀರಿ, ಹೇಳ್ರಿ."

ಅವ್ವ ಯೋಚಿಸಿದಳು. ಅಜ್ಜಿಯ ಬಟ್ಟಲಿನಲ್ಲಿ ಎಷ್ಟು ಹಾಲು, ಅಪ್ಪನ ಸಾರಿಗೆ ಎಷ್ಟು ಉಪ್ಪು, ನಾನು ಯಾವ ಹೊತ್ತಿಗೆ ಏನು ತಿಂದೆ, ಎಲ್ಲವೂ ಬಾಯಲ್ಲೇ ಇದ್ದವಳಿಗೆ ತನ್ನ ಊಟದ ನೆನಪು ಬರಲಿಲ್ಲ. "ಎಲ್ಲಾರದೂ ಆದ ಮ್ಯಾಲೆ ಏನಿರ್ತೈತಿ ಅದನ್ನ," ಎಂದಳು ಕೊನೆಗೆ. "ಒಂದೊಂದು ದಿನ ಬ್ಯಾಸರಾಗಿ ಮಂಡಕ್ಕಿ ತಿಂದು ಮಲ್ಕೋತೇನಿ."

ಅವಳು ಹೇಳದೆ ಬಿಟ್ಟದ್ದನ್ನು ನಾನು ಹೇಳಬೇಕಾಯಿತು. ಹಾವೇರಿಯ ಹೋಳಿಗೆ, ಬ್ಯಾಡಗಿಯ ಮಾದಲಿ, ನನ್ನ ಹೆಸರಿನ ಡಬ್ಬಿ. "ನನ್ನ ತಾಟಿಗೆ ಬಿದ್ದದ್ದೆಲ್ಲ ಅವ್ವನ ತಿಂದಾಳ್ರಿ. ಚೆಲ್ಲಬಾರದಂತ."

ಬೇನಜೀರ ಮೇಡಂ ನನಗೂ ಬೈಯಲಿಲ್ಲ, ಅವಳಿಗೂ ಬೈಯಲಿಲ್ಲ. "ಐವತ್ತು ದಾಟಿದ ಹೆಂಗಸಿನ ಹೊಟ್ಟಿನೂ ಒಂದು ಹೊಟ್ಟಿ ಅಕ್ಕಾರ. ಮುಟ್ಟು ನಿಂತ ಮ್ಯಾಲೆ ಎಲುಬಿಗೆ ಹಾಲು ಬೇಕು, ಮೈಗೆ ಕಾಳು ಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಅದನ್ನ ಆಮ್ಯಾಲೆ ಕುಂತು ಮಾತಾಡೂಣು. ಮೊದಲ ಡಾಕ್ಟರಿಗೆ ತೋರಿಸ್ರಿ. ಇವತ್ತ. ನಾಳೆ ಅಲ್ಲ."

ಹೊರಗಿನ ಬೆಂಚಿನ ಮೇಲೆ ಅವ್ವ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಡಾಕ್ಟರಮ್ಮನ ಬಾಗಿಲಿಗೆ ಹೋಗಿ ಇನ್ನೊಂದು ಹೆಸರು ಹೇಳಿ ಬಂದೆ. ಬಂದರೆ ಅವಳು ಎದ್ದು ನಿಂತಿದ್ದಾಳೆ, ಮನೆಗೆ ಹೊರಟವಳ ಹಾಗೆ.

"ನನ್ನದು ಬಿಡು, ಹೆರಿಗಿ ಆಗ್ಲಿ, ಆಮ್ಯಾಲೆ ನೋಡೂಣು. ಮೊದಲ ನಿನಗ ಸೂಜಿ ಹೆಂಗ ತೊಗೋಬೇಕು ಕೇಳ್ಕೊ."

"ಮುನ್ನೂರ ಎಂಬತ್ತೈತವ್ವ ನಿಂದು."

"ಇರಲೇಳ. ನಿನ್ನ ಹೊಟ್ಟ್ಯಾಗ ಕೂಸೈತಿ, ನಿಂದ ನೋಡಬೇಕು. ನನ್ನ ಹೊಟ್ಟ್ಯಾಗ ಯಾರದಾರ?"

ಅವಳು ಅದನ್ನು ದುಃಖದಿಂದ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ನೀನಿದ್ದೀಯಲ್ಲ ಅವ್ವ, ನೀನು ಯಾರೂ ಅಲ್ಲವೇ ಎಂದು ಕೇಳಬೇಕೆಂದುಕೊಂಡೆ. ಆ ಮಾತು ಅವಳಿಗೆ ನಾಟುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾವುದು ನಾಟುತ್ತದೆ ಎಂಬುದೂ ಗೊತ್ತಿತ್ತು.

"ಮತ್ತ ನನ್ನ ಬಾಣಂತನ ಯಾರ ಮಾಡ್ತಾರ? ನೀ ಬಿದ್ದರ ಈ ಕೂಸಿಗೆ ನೀರ ಎರಿಯೋರ ಯಾರು? ಹಾವೇರಿ ಅತ್ತೀನ ಕರಸಲೇನು?"

"ಅದೂ ಖರೇನ," ಎಂದಳು ಅವ್ವ. ಸೆರಗು ಸರಿಮಾಡಿಕೊಂಡು, ಒಳಗೆ ಕರೆದ ಕೂಡಲೇ ಮರುಮಾತಿಲ್ಲದೆ ಹೊರಟಳು. ಅಷ್ಟು ಸಲೀಸಾಗಿ ಹೊರಟಳೆಂದೇ ನನಗೆ ನನ್ನ ಮೇಲೆ ಸಿಟ್ಟು ಬಂತು. ಅವಳ ರಕ್ತವನ್ನೂ ನನ್ನ ಕೆಲಸಕ್ಕೇ ಹಚ್ಚಿದ್ದೆ. ತನಗಾಗಿ ಎದ್ದವಳಲ್ಲ ಅವಳು, ಈ ಸಲವೂ ನನಗಾಗಿಯೇ ಎದ್ದಿದ್ದಳು.

ಬಾಗಿಲಿನಲ್ಲಿ ತಿರುಗಿ ಚೀಲವನ್ನು ನನ್ನ ಕೈಗೆ ಕೊಟ್ಟಳು. "ನಿನ್ನ ಉಣ್ಣೂ ಹೊತ್ತಾತು. ಡಬ್ಬ್ಯಾಗ ರೊಟ್ಟಿ ಐತಿ, ಉಂಡಬಿಡು. ನನ್ನ ಹಾದಿ ಕಾಯಬ್ಯಾಡ."

ಕಾಯುತ್ತೇನೆ, ಇಬ್ಬರೂ ಕೂಡಿಯೇ ಉಣ್ಣೋಣ, ಅವಳು ಬೇಡವೆಂದರೂ ಬಿಡುವುದಿಲ್ಲ ಎಂದು ಹಟ ಹಿಡಿದು ಬೆಂಚಿನ ಮೇಲೆ ಕೂತೆ. ಎಷ್ಟಿದೆ ನೋಡೋಣವೆಂದು ಡಬ್ಬಿಯ ಮುಚ್ಚಳ ತೆಗೆದೆ. ಒಂದು ರೊಟ್ಟಿ, ಸ್ವಲ್ಪ ಪಲ್ಯ. ಅವ್ವ ಒಬ್ಬರಿಗಷ್ಟೇ ಕಟ್ಟಿಕೊಂಡು ಬಂದಿದ್ದಳು.